ತಪಾಸಣೆಯ ಸುಳ್ಳು

ನಾನು ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಬಗ್ಗೆ ತಾಯಂದಿರಿಗೆ ತಿಳಿಹೇಳುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದೆ. ಬದನೆಕಾಯಿಯಂತೆ ಕಂಡರೂ ನನ್ನ ಉತ್ಸಾಹ ಕುಗ್ಗಲಿಲ್ಲ.

"ಎಚ್‌ಪಿವಿ ಅನ್ನೋ ವೈರಸ್ ಭಾಳ ಮಂದಿಗೆ ಬರ್ತೈತಿ. ಬಂದದ್ದು ಗೊತ್ತಾಗಂಗಿಲ್ಲ. ಹುಡುಗ್ಯಾರಿಗೆ ಸಣ್ಣ ವಯಸ್ಸಿನಾಗ ಲಸಿಕಿ ಹಾಕಸ್ರಿ, ನೀವು ತಪಾಸಣಿ ಮಾಡಿಸ್ಕೋರಿ" ಎಂದೆ.

ಹಿಂದಿನ ಸಾಲಿನಿಂದ ಮಗ್ಗದ ಕೆಲಸ ಮಾಡುವ ತಾಯಿಯೊಬ್ಬರು ಎದ್ದರು. "ಟೀಚರ್, ನೀವು ಮಾಡಿಸ್ಕೊಂಡೀರೇನ್ರಿ?"

"ಮಾಡಿಸ್ಕೊಂಡೇನ್ರಿ!"

ನಲವತ್ಮೂರು ವರ್ಷಗಳಲ್ಲಿ ನಾನು ತಪಾಸಣೆ ಮಾಡಿಸಿದ್ದು ಕಣ್ಣೊಂದನ್ನೇ. ಹದಿಮೂರರ ಮಗಳ ಲಸಿಕೆಯನ್ನೂ 'ಪರೀಕ್ಷೆ ಮುಗಿಯಲಿ' ಎಂದು ಮುಂದೂಡುತ್ತಲೇ ಬಂದಿದ್ದೆ.

"ಹಂಗಾದ್ರ ನನ್ನೂ ಕರ್ಕೊಂಡು ಹೋಗ್ರಿ. ಒಬ್ಬಾಕಿಗೆ ಅಂಜಿಕಿ ಬರ್ತೈತಿ" ಎಂದರು ಅವರು.

ಮುಂದಿನ ಶನಿವಾರ ಶಾಲೆ ಮುಗಿಸಿ ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಅಲ್ಲಿನ ನವನಗರದ ದವಾಖಾನೆಯಲ್ಲಿ ಅನುಭವಸ್ಥಳ ಠೀವಿಯಿಂದ ಮುಂದೆ ನಡೆದು, ಅವರನ್ನು ನೇರವಾಗಿ ಎಕ್ಸ್‌ರೇ ಕೋಣೆಗೆ ಕರೆದೊಯ್ದೆ. ಅಲ್ಲಿಂದ ನಮ್ಮನ್ನು ಸರಿಯಾದ ಕಡೆ ಕಳಿಸಿದರು. ಅಲ್ಲಿ ನರ್ಸ್ ಚೀಟಿ ಬರೆಯುತ್ತ ನನ್ನನ್ನು ಗಟ್ಟಿಯಾಗಿ ಕೇಳಿದರು, "ಮೊದ್ಲ ಮಾಡಿಸೀರೇನ್ರಿ?"

"ಇಲ್ರಿ."

ಪಕ್ಕದಲ್ಲಿದ್ದ ಆ ತಾಯಿ ಸೆರಗು ಬಾಯಿಗೊತ್ತಿ ನಕ್ಕರು. "ಇರ್ಲಿ ಬಿಡ್ರಿ ಟೀಚರ್. ನೀವು ಖರೆ ಹೇಳಿದ್ರ ನಾನೂ ಬರ್ತಿದ್ದಿಲ್ಲ."

ಕೆಲವು ದಿನಗಳ ನಂತರ ವರದಿ ಬಂತು. ಅವರಿಗೆ ಏನೂ ಇರಲಿಲ್ಲ. ನನಗೆ ಸೋಂಕು ಇತ್ತು.

ನಾನೇ ಕಲಿಸಿದ್ದ ಪಾಠ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಯಾವ ಸೀರೆ ಯಾರಿಗೆ ಸೇರಬೇಕೆಂದು ಮನಸ್ಸಿನಲ್ಲೇ ಹಂಚಿದೆ. ದೈಹಿಕ ಸಂಪರ್ಕದಿಂದ ಹರಡುವ ಸೋಂಕಲ್ಲವೇ ಇದು ಎಂದು, ರೊಟ್ಟಿ ಮುರಿಯುತ್ತಿದ್ದ ಗಂಡನನ್ನು ಪೊಲೀಸರಂತೆ ದಿಟ್ಟಿಸಿದೆ. ಅವರು ಪಾಪ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಬಾಯಿಗೆ ಬಂದ ಮಾತನ್ನೂ ನುಂಗಿಕೊಂಡರು.

ಮತ್ತೆ ಹೋದಾಗ ಡಾಕ್ಟರಮ್ಮ ಪರೀಕ್ಷಿಸಿ ಹೇಳಿದರು. "ಇದು ಸೋಂಕ್ರಿ, ಕ್ಯಾನ್ಸರ್ ಅಲ್ಲ. ಯಾವಾಗ ಬಂತು, ಯಾರಿಂದ ಬಂತು ಹೇಳಾಕ ಬರಂಗಿಲ್ಲ. ಭಾಳ ಮಂದಿಗೆ ತಾನ ಹೋಗ್ತೈತಿ. ಈಗ ಗರ್ಭಕಂಠ ಛಲೋ ಐತಿ. ವರ್ಷ ಬಿಟ್ಟು ಮತ್ತ ಬರ್ರಿ, ತಪ್ಪಿಸಬ್ಯಾಡ್ರಿ."

"ಹಂಗಾದ್ರ ನನಗ ಈಗ ಲಸಿಕಿ ಹಾಕಿಬಿಡ್ರಿ."

"ಲಸಿಕಿ ಬಂದ ಸೋಂಕಿಗೆ ಔಷಧ ಅಲ್ರಿ ಟೀಚರ್. ಬರೋಕಿಂತ ಮೊದ್ಲ ತಡಿಯೋದು. ಮಗಳಿದ್ರ ಆಕಿಗೆ ಹಾಕಸ್ರಿ."

ಇದೇ ಮಾತನ್ನು ಕೈಯಲ್ಲಿ ಕೋಲು ಹಿಡಿದು ಬೋರ್ಡಿನ ಮುಂದೆ ಹೇಳಿದವಳು ನಾನು! ಆ ವಾರವೇ ಮಗಳನ್ನು ಕರೆದೊಯ್ದೆ. ಸೂಜಿ ಚುಚ್ಚಿದಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ತಲೆ ಸುತ್ತಿ ಬೆಂಚಿನ ಮೇಲೆ ಕುಸಿದವಳು ನಾನು. ನನಗೆ ನೀರು ಕುಡಿಸುತ್ತ ಅವಳು ನರ್ಸಿಗೆ, "ನಮ್ಮವ್ವ ಸೈನ್ಸ್ ಟೀಚರ್ ರೀ" ಎಂದು ಬೇರೆ ಪರಿಚಯಿಸಿದಳು.

ಈ ವರ್ಷದ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ಈಗ ತಾಯಂದಿರ ಸಭೆಯಲ್ಲಿ ನಡೆದದ್ದೆಲ್ಲವನ್ನೂ ಹೇಳುತ್ತೇನೆ. "ಇಷ್ಟೆಲ್ಲಾ ಹೇಳ್ಬೇಕಿತ್ತೇನ್ರಿ?" ಎಂದು ಮೊದಲ ಸಲ ಮುಖ್ಯೋಪಾಧ್ಯಾಯಿನಿ ಗದರಿದರು. ಮರುದಿನ ಅವರೇ ಸ್ಟಾಫ್ ರೂಮಿನ ಬಾಗಿಲು ಮುಚ್ಚಿ, ನವನಗರಕ್ಕೆ ಯಾವ ಬಸ್ಸಿಗೆ ಹೋದರೆ ಅನುಕೂಲ ಎಂದು ಕೇಳಿದರು.