ಹೊಂಗೆ ಮರದಡಿಯ ಎಂಟನೇ ಕ್ಲಾಸು

ಹೋದ ಸೋಮವಾರ ನನ್ನ ಮಗಳು ಶಶಿ ಸ್ಕೂಲಿನಿಂದ ಬಂದವಳೇ ಒಂದು ಫಾರಂ ನನ್ನ ಮುಂದೆ ಹಿಡಿದಳು. "ಅಪ್ಪನ ಸೈನ್ ಬೇಕು. ಶನಿವಾರದೊಳಗೆ ಕೊಟ್ರೆ ಕನ್ನಡ ಸೆಕ್ಷನ್ನಿಗೆ ಹಾಕ್ತಾರಂತೆ."

ರಾಜಾಜಿನಗರದ ನಮ್ಮ ಬ್ಲಾಕಿನ ಹೈಸ್ಕೂಲಿಗೆ ಅವಳು ಸೇರಿ ಮೂರು ವಾರ ಆಗಿತ್ತು, ಅಷ್ಟೆ.

ಏಳನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ ಹುಡುಗಿ. ಒಬ್ಬರೇ ಮೇಷ್ಟ್ರು, ಎಲ್ಲ ಪಾಠಕ್ಕೂ ಅವರೇ. ಈಗ ಇಂಗ್ಲಿಷ್ ಮೀಡಿಯಂ. ಗಂಟೆ ಹೊಡೆದಾಗಲೆಲ್ಲ ಹೊಸ ಮುಖ, ಹೊಸ ಸಬ್ಜೆಕ್ಟು. ಪಾಪ, ಮೊದಲ ವಾರ ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಅಶೋಕನ ಕಾಲಡಿ ಆಕ್ಸಿಜನ್! (ಇಂಗ್ಲಿಷ್ ಮೀಡಿಯಂ ನನ್ನದೇ ಹಟ. ಕಾನ್ವೆಂಟಿನಲ್ಲಿ ಓದಿದ ತಾಯಿ ಮನೆಯಲ್ಲೇ ಇರುವಾಗ ಏನು ಕಷ್ಟ ಅಂದುಕೊಂಡಿದ್ದೆ.)

"ನಾನು ಹೇಳಿಕೊಡ್ತೀನಲ್ಲೇ," ಅಂದೆ.

"ನೀನು ಸ್ಪೀಡಾಗಿ ಓದ್ತೀಯಮ್ಮ. ಅರ್ಥ ಆಯ್ತಾ ಅಂತೀಯ. ಹೂಂ ಅಂತೀನಿ. ಆಗಿರಲ್ಲ."

ಕನ್ನಡ ಸೆಕ್ಷನ್ ಏನೂ ಕಡಿಮೆಯಲ್ಲ, ಇಷ್ಟಪಟ್ಟು ಹೋಗಲಿ. ಹೆದರಿ ಹೋದರೆ? ಆ ಹೆದರಿಕೆ ಅವಳ ಹಿಂದೆಯೇ ಅಲ್ಲಿಗೂ ಹೋಗುವುದಿಲ್ಲವೇ?

ನಮ್ಮವರು ಟ್ರಾನ್ಸಿಸ್ಟರ್ ಸದ್ದು ತಗ್ಗಿಸಿ ಸೈನ್ ಹಾಕಿದರು. "ಮಗು ಅಳೋದು ಬೇಡ ಕಣೇ," ಅಂದರು, ಅಷ್ಟೇ.

ಹೆಡ್‌ಮಿಸ್ಟ್ರೆಸ್ ಜೊತೆ ಒಂದು ಮಾತಾಡಿಯೇ ಫಾರಂ ಕೊಡೋಣ ಅಂತ ಗುರುವಾರ ನಾನೇ ಹೋದೆ. ಊಟದ ಬಿಡುವಿನ ಹೊತ್ತು. ಆಫೀಸಿನ ಪಕ್ಕದ ಹೊಂಗೆ ಮರದಡಿ ನಾಲ್ಕು ಹುಡುಗಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಡುವೆ ಒಂದೇ ಒಂದು ಸೈನ್ಸ್ ಪುಸ್ತಕ. ನನ್ನ ಕಡೆ ಬೆನ್ನು ಹಾಕಿ ಕೂತವಳು ಶಶಿ!

ಸ್ವಲ್ಪ ಹೊತ್ತು ನೋಡಿದ ಮೇಲೆ ಅವರ ಕ್ರಮ ತಿಳಿಯಿತು. ಒಬ್ಬಳು ಇಂಗ್ಲಿಷಿನಲ್ಲಿ ಒಂದು ಸಾಲು ಓದಬೇಕು. ಇನ್ನೊಬ್ಬಳು ಅದನ್ನು ಕನ್ನಡದಲ್ಲಿ ಹೇಳಬೇಕು. ಮೂರನೆಯವಳು ತನ್ನ ಮನೆಯದೇ ಒಂದು ಉದಾಹರಣೆ ಕೊಡಬೇಕು. ನಾಲ್ಕನೆಯವಳು ತಲೆ ಆಡಿಸಿದ ಮೇಲೇ ಮುಂದಿನ ಸಾಲು. (ಯಾವ ಮೇಡಂ ಹೇಳಿಕೊಟ್ಟದ್ದೂ ಅಲ್ಲವಂತೆ, ಎರಡು ದಿನದ ಹಿಂದಷ್ಟೇ ತಾವೇ ಶುರುಮಾಡಿದ್ದಂತೆ. ಆಮೇಲೆ ಕೇಳಿದೆ.)

"ಎವಾಪರೇಷನ್ ಕಾಸಸ್ ಕೂಲಿಂಗ್," ಒಬ್ಬಳು ಓದಿದಳು.

"ನೀರು ಆವಿಯಾಗಿ ಹೋದ್ರೆ ತಂಪಾಗುತ್ತೆ," ಅಂದಳು ಪಕ್ಕದವಳು.

ಮೂರನೆಯವಳು ಗೌರಿ. ಲಗ್ಗೆರೆಯಿಂದ ನಡೆದೇ ಬರುವ ಹುಡುಗಿ, ಮನೆಯವರು ಸೊಪ್ಪು ಬೆಳೆಯುತ್ತಾರೆ. "ಮಾರ್ಕೆಟ್ಟಿಗೆ ಹೊರಡೋವಾಗ ನಮ್ಮಪ್ಪ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸ್ತಾರೆ. ಗೋಣಿ ಒಣಗ್ತಾ ಒಣಗ್ತಾ ಬಿಸಿ ಎತ್ಕೊಂಡು ಹೋಗುತ್ತೆ. ಸೊಪ್ಪು ಬಾಡಲ್ಲ."

ಶಶಿ ತಲೆ ಆಡಿಸಲಿಲ್ಲ.

"ಸುಮ್ನೆ ಆಡಿಸ್ಬಿಡೇ, ಬೆಲ್ ಆಗುತ್ತೆ!" ಅಂದಳು ಪುಸ್ತಕ ಹಿಡಿದವಳು.

"ಏಯ್, ಸುಳ್ಳು ಸುಳ್ಳೇ ಆಡಿಸಿದ್ರೆ ಔಟು!" ಗೌರಿ ಗದರಿದಳು.

ಯಾರೂ ಪುಟ ತಿರುಗಿಸಲಿಲ್ಲ. ಕಾದರು. ಕಾಂಪೌಂಡಿನಾಚೆ ಒಂದು ಜಟಕಾ ಬಂದು, ಹೋಯಿತು. ಇನ್ನೂ ಕಾಯುತ್ತಲೇ ಇದ್ದರು.

"ಹಾಗಾದ್ರೆ... ತಲೆಗೆ ಸ್ನಾನ ಮಾಡಿ ಬಿಸಿಲಿಗೆ ಬಂದ್ರೂ ಚಳಿ ಆಗುತ್ತಲ್ಲ, ಅದಾ?" ಅಂದಳು ಶಶಿ.

"ಅದೇ ಕಣೇ ಪೆದ್ದಿ!" ಅಂದಳು ಗೌರಿ.

ಆಗ ಆಡಿತು ನೋಡಿ, ಎರಡು ಜಡೆಯ ಆ ತಲೆ!

ಇದೇ ಸಾಲನ್ನು ಕಾನ್ವೆಂಟಿನ ಸಿಸ್ಟರ್ ಮುಂದೆ ಕೈಕಟ್ಟಿ ನಿಂತು, ಒಂದೇ ಉಸಿರಿಗೆ ಒಪ್ಪಿಸಿ ವೆರಿಗುಡ್ ಅನ್ನಿಸಿಕೊಂಡವಳು ನಾನು. ಪ್ರತಿ ಬೇಸಿಗೆ ನೀರಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವವಳೂ ನಾನೇ. ಆ ಸಾಲು ಈ ಬಟ್ಟೆಯ ಬಗ್ಗೆಯೇ ಹೇಳುತ್ತಿತ್ತು ಅಂತ ತಿಳಿಯಲು ಇಷ್ಟು ವರ್ಷ ಬೇಕಾಯಿತೇ? ಅದೂ ಮೂರು ವಾರದ ಹೈಸ್ಕೂಲ್ ಹುಡುಗಿಯರಿಂದ!

ಬೆಲ್ ಆಯಿತು. ಲಂಗ ಕೊಡವಿಕೊಂಡು ಎದ್ದ ಶಶಿ ನನ್ನನ್ನು ಕಂಡು ಗಾಬರಿಯಾದಳು. "ಫಾರಂ ಕೊಟ್ಟುಬಿಟ್ಯಾ ಅಮ್ಮ?"

"ಇಲ್ಲ. ಕೊಡ್ಲಾ?"

ಅವಳು ಗೆಳತಿಯರ ಕಡೆ ತಿರುಗಿ ನೋಡಿದಳು. "ಬೇಡ. ನಾಳೆ ಉದಾಹರಣೆ ಕೊಡೋ ಸರದಿ ನಂದು," ಅಂದವಳೇ ಓಡಿದಳು.

ಇಂಗ್ಲಿಷ್ ಇರಲಿ, ವಿಜ್ಞಾನ ಇರಲಿ, ಹೇಗೋ ಕಲಿತಾರು. ಇನ್ನೊಬ್ಬಳಿಗೆ ಅರ್ಥವಾಗುವವರೆಗೂ ಪುಟ ತಿರುಗಿಸದೆ ಕಾಯುವುದನ್ನು ಆ ಮಕ್ಕಳಿಗೆ ಕಲಿಸಿದವರು ಯಾರು, ಹೇಳಿ?