ಹನುಮಣ್ಣನ ಉಲ್ಟಾ ಬಿಲ್ಲು

ಸೂಳೆಕೆರೆ ಏರಿಯ ಕೆಳಗಿನ ಒಂದು ಹಳ್ಳಿಯಲ್ಲಿ ಹನುಮಣ್ಣನೆಂಬ ರೈತನಿದ್ದ. ಎರಡು ತುಂಡು ಗದ್ದೆ, ಒಂದಿಷ್ಟು ಕಬ್ಬು, ಒಂದು ಜೋಡಿ ಎತ್ತು, ಒಂದು ಗಾಡಿ, ಕರಿಯಕ್ಕನೆಂಬ ಹೆಂಡತಿ. ಇಷ್ಟೇ ಅವನ ಸಂಸಾರ. ಮನುಷ್ಯ ಸಾಧು. ಯಾರು ಏನೆಂದರೂ "ಹೌದ್ ಬಿಡ್ರಿ" ಎಂದು ಮುಂದೆ ಹೋಗುವವನು. ಆದರೆ ಅವನ ಕೈ ಮಾತ್ರ ಸಾಧುವಲ್ಲ. ಮರ ಕಂಡರೆ ಅದು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಯಾರದೋ ಮದುವೆಯಲ್ಲಿ ಊಟಕ್ಕೆ ಕೂತವನು, ಪಾಯಸ ಬರುವುದು ತಡವಾಯಿತೆಂದು ಪಕ್ಕದ ಕಂಬವನ್ನು ಕುಡುಗೋಲಿನಿಂದ ನುಣುಪು ಮಾಡುತ್ತ ಹೋಗಿ, ಪಾಯಸ ಬರುವ ಹೊತ್ತಿಗೆ ಚಪ್ಪರವನ್ನೇ ಒಂದು ಕಡೆಗೆ ವಾಲಿಸಿದ್ದ.

ಕರಿಯಕ್ಕನ ತವರು ಜಗಳೂರಿನ ಕಡೆ. ಆ ಮನೆಯ ಪಡಸಾಲೆಯಲ್ಲಿ ಅವಳ ಅಜ್ಜನ ಬಿಲ್ಲೊಂದು ಗೋಡೆಗೆ ತೂಗುಬಿದ್ದಿತ್ತು. ನಡು ಮುರಿದು ಎರಡು ತುಂಡಾಗಿದ್ದರೂ ಅವಳ ತಮ್ಮ ದುರುಗಪ್ಪ ಅದಕ್ಕೆ ದಿನವೂ ಊದುಬತ್ತಿ ಬೆಳಗುತ್ತಿದ್ದ, ಬಂದವರಿಗೆಲ್ಲ ಅದರ ಕಥೆ ಹೇಳುತ್ತಿದ್ದ. ಹೇಳಿದ ಹಾಗೆಲ್ಲ ಅಜ್ಜನ ಬಾಣ ಇನ್ನಷ್ಟು ದೂರ ಹೋಗುತ್ತಿತ್ತು. ದೇಶದಾಚೆ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಒಂದು ಬೇಸಿಗೆಯಲ್ಲಿ ಹನುಮಣ್ಣ ಹೆಂಡತಿಯನ್ನು ಕರೆತರಲು ಹೋದಾಗ ಬಾಣ ಗುಡ್ಡ ದಾಟಿ ಆಚೆ ಊರಿನ ಬಾವಿಯಲ್ಲಿ ಬಿದ್ದಾಗಿತ್ತು.

ಹನುಮಣ್ಣನಿಗೆ ಬಾಣ ಎಲ್ಲಿ ಬಿದ್ದರೂ ಒಂದೇ. ಅವನ ಕಣ್ಣು ಬಿಲ್ಲು ಮುರಿದಿದ್ದ ಜಾಗದ ಮೇಲಿತ್ತು. ಎದ್ದು ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಅದು ಒಂದೇ ಮರದ್ದಲ್ಲ. ತೆಳ್ಳನೆಯ ಬಿದಿರಿನ ಪಟ್ಟಿ, ಅದರ ಕೆಳಗೆ ಮರದ ಪಟ್ಟಿ, ಮತ್ತೆ ಬಿದಿರು, ಹೀಗೆ ಪದರದ ಮೇಲೆ ಪದರ ಅಂಟಿಸಿ ಮಾಡಿದ್ದು.

"ಈರುಳ್ಳಿ ಇದ್ದಂಗೈತಲ್ಲೋ ದುರುಗಪ್ಪ!"

"ಅಜ್ಜನ ಬಿಲ್ಲಿಗೆ ಈರುಳ್ಳಿ ಅಂತೀಯಲ್ಲ ಭಾವ! ಅದನ್ನ ಮುಟ್ಟಬ್ಯಾಡ. ಇಂಥದ್ದು ಮಾಡೋರು ಈಗ ಭೂಮಿ ಮ್ಯಾಲೆ ಯಾರೂ ಇಲ್ಲ. ನೀನು ಕುಂಟೆ, ಕೂರಿಗೆ ಮಾಡ್ಕೊಂಡಿರು."

ಇಲ್ಲಿ ಹನುಮಣ್ಣ "ಹೌದ್ ಬಿಡ್ರಿ" ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆಯೇ. "ನಾನು ಮಾಡ್ತೀನಿ" ಅಂದುಬಿಟ್ಟ. ಅಂದ ಮೇಲೆ, ಹೇಳಿದ್ದು ಯಾರೆಂದು ತಾನೇ ಹಿಂದೆ ತಿರುಗಿ ನೋಡಿದ. ದುರುಗಪ್ಪ ನಕ್ಕ ನಗುವಿಗೆ ಸೂರಿನಲ್ಲಿದ್ದ ಪಾರಿವಾಳಗಳು ಎದ್ದು ಹಾರಿದವು.

ಊರಿಗೆ ಬಂದವನೇ ಹನುಮಣ್ಣ ಉಬ್ರಾಣಿ ಕಡೆಯ ಕಾಡಿಗೆ ಹೋಗಿ ತಡಸಲು ಮರದ ಕೊಂಬೆ ತಂದ. ಬಗ್ಗಿಸಿದರೆ ಬಗ್ಗಿ, ಬಿಟ್ಟರೆ ಮತ್ತೆ ನೆಟ್ಟಗಾಗುವ ಜಾತಿ ಅದು. ನೆರಳಲ್ಲಿ ಒಣಗಿಸಿದ. ಬಿದಿರು ಸೀಳಿ ದಬ್ಬೆ ಮಾಡಿದ. ಪಟ್ಟಿಗಳನ್ನು ಒಂದೊಂದಾಗಿ ಕೀಸಿ ಕೀಸಿ, ಕಡೆಗೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು ತೆಳ್ಳಗೆ ಮಾಡಿದ. ಇನ್ನು ಅವನ್ನು ಅಂಟಿಸಬೇಕು. ಅನ್ನದ ಗಂಜಿ ಹಚ್ಚಿದ, ಇರುವೆ ತಿಂದವು. ಬೇಲದ ಅಂಟು ಹಚ್ಚಿದ. ಬಗ್ಗಿಸಿದ ಕೂಡಲೇ ಪಟ್ಟಿಗಳು ಬಿಚ್ಚಿಕೊಂಡು ಒಂದು ಹೋಗಿ ಅವನ ಹಣೆಗೆ ಬಡಿಯಿತು.

"ಹಣೆ ಮ್ಯಾಲೆ ಬದನೆಕಾಯಿ ಬಿಟ್ಟೈತಲ್ರೀ" ಎಂದಳು ಕರಿಯಕ್ಕ. "ಕೊಯ್ದು ಪಲ್ಯ ಮಾಡ್ಲಾ?"

ದಾರಿ ತೋರಿಸಿದವಳು ಕೆರೆಯ ಮೀನು ಮಾರುವ ಗಿಡ್ಡಮ್ಮ. ದೊಡ್ಡ ಮೀನಿನ ಹೊಟ್ಟೆಯೊಳಗೆ ಗಾಳಿ ತುಂಬಿದ ಒಂದು ಚೀಲ ಇರುತ್ತದಲ್ಲ, ಅದನ್ನು ಒಣಗಿಸಿ ಸಣ್ಣ ಉರಿಯಲ್ಲಿ ಕುದಿಸಿದರೆ ಬರುವ ಅಂಟು ಜನ್ಮಕ್ಕೂ ಬಿಡುವುದಿಲ್ಲ ಎಂದು ಆಕೆ ಹೇಳಿದಳು. ಹನುಮಣ್ಣ ಒಂದು ಬುಟ್ಟಿ ಚೀಲ ತಂದು, ಕೈಗೆ ಸಿಕ್ಕ ಸಾರಿನ ಗಡಿಗೆಯಲ್ಲೇ ಹಾಕಿ ಕುದಿಸಿದ. ಆ ವಾಸನೆ ಕೆರೆ ಏರಿಯವರೆಗೆ ಹೋಯಿತು. ಎದುರು ಮನೆಯವರು ಬಾಗಿಲು ಹಾಕಿಕೊಂಡರು. ಊರಿನ ಬೆಕ್ಕುಗಳೆಲ್ಲ ಬಂದು ಹಿತ್ತಿಲಲ್ಲಿ ಸಾಲಾಗಿ ಕೂತವು. ಗಡಿಗೆ ಹೋಯಿತಲ್ಲ ಎಂದು ಕರಿಯಕ್ಕ ಬೈಯಲು ಬಂದಳು. ಬೈಯುತ್ತ, ಒಲೆಯಿಂದ ಇಳಿಸಿಟ್ಟಿದ್ದ ಗಡಿಗೆಯ ಕಂಠ ಹಿಡಿದವಳ ಕೈ ಅಲ್ಲೇ ಅಂಟಿಕೊಂಡಿತು. ಬಿಸಿನೀರು ಕಾಯಿಸಿ ಬಿಡಿಸುವವರೆಗೂ ಅವಳು ಗಡಿಗೆಯ ಪಕ್ಕದಲ್ಲೇ ನಿಂತು ಬೈದಳು. ಹನುಮಣ್ಣನಿಗೆ ಮಾತ್ರ ಬೈಗುಳ ಕೇಳಿಸಲಿಲ್ಲ. "ಹಿಡೀತು! ಏ ಇವ್ಳೆ, ಹಿಡೀತು ನೋಡೇ!" ಎಂದು ಕುಣಿಯುತ್ತಿದ್ದ.

ಅಂಟು ಸಿಕ್ಕಿತು. ಇನ್ನು ಬೇಕಾದದ್ದು ಬಾಗು. ಅಂಟು ಹಸಿಯಿರುವಾಗಲೇ ಪದರಗಳನ್ನು ಒಟ್ಟಿಗೆ ಬಗ್ಗಿಸಿ ಕಟ್ಟಿ ಒಣಗಲು ಬಿಡಬೇಕು. ಹನುಮಣ್ಣ ಮನೆಯಲ್ಲೆಲ್ಲ ಹುಡುಕಿ, ಗಾಡಿಯ ಚಕ್ರಕ್ಕಿಂತ ಚೆಂದದ ಬಾಗು ಲೋಕದಲ್ಲಿಲ್ಲ ಎಂದು ತೀರ್ಮಾನಿಸಿದ. ಪಟ್ಟಿಗಳನ್ನು ಚಕ್ರದ ಮೇಲೆ ಮಲಗಿಸಿ ಪುಂಡಿನಾರಿನ ಹುರಿಯಿಂದ ಬಿಗಿದ. ತುದಿಗಳು ಇನ್ನಷ್ಟು ಸುರುಳಿಯಾಗಬೇಕಿತ್ತು. ಒಂದು ತುದಿಗೆ ಹೆಂಡತಿಯ ಒನಕೆ ಕೊಟ್ಟು ಕಟ್ಟಿದ, ಇನ್ನೊಂದಕ್ಕೆ ಪಕ್ಕದ ಮನೆಯ ಒನಕೆ. ಅಂದಿನಿಂದ ಗಾಡಿ ಅಲ್ಲಾಡುವಂತಿಲ್ಲ, ಎರಡು ಮನೆಯಲ್ಲಿ ಭತ್ತ ಕುಟ್ಟುವಂತಿಲ್ಲ. ಹನುಮಣ್ಣ ಕೋಲು ಹಿಡಿದು ಚಕ್ರದ ಪಕ್ಕದಲ್ಲಿ ಕೂತು ಬೆಕ್ಕು ಓಡಿಸುತ್ತಿದ್ದ.

ಅಷ್ಟರಲ್ಲಿ ದುರುಗಪ್ಪ ಅಕ್ಕನನ್ನು ನೋಡಲು ಬಂದ. ಮಾರನೆಯ ಬೆಳಿಗ್ಗೆ ಭಾವ ಕೆರೆಯ ಕಡೆ ಹೋಗಿದ್ದಾಗ, ಸಂತೆಬೆನ್ನೂರಿನಿಂದ ಏನೋ ಸಾಮಾನು ತರಬೇಕೆಂದು ತಾನೇ ಎತ್ತು ಹೂಡಿದ. ಚಕ್ರದ ಮೇಲಿನ ಹುರಿ, ಒನಕೆ ಎಲ್ಲ ಕಂಡರೂ, ಇದು ಭಾವನ ಯಾವುದೋ ರಿಪೇರಿ ಅಂದುಕೊಂಡ. ಚಕ್ರ ಅರ್ಧ ಮೊಳ ಉರುಳಿತ್ತೋ ಇಲ್ಲವೋ, ಕೈಯಲ್ಲಿದ್ದ ಚೊಂಬು ಬಿಸಾಡಿ ಓಡಿಬಂದ ಹನುಮಣ್ಣ ಗಾಡಿಯ ಮುಂದೆ ಅಂಗಾತ ಮಲಗಿಬಿಟ್ಟ.

"ಹೊಡಿ! ನನ್ನ ಮ್ಯಾಲೆ ಹೊಡಿ ಗಾಡೀನ! ಆಮ್ಯಾಲೆ ಬಿಲ್ಲಿನ ಮ್ಯಾಲೆ ಹೊಡೆಯೋವಂತೆ!"

ಜನ ಸೇರಿದರು. ಭಾವಮೈದುನರಿಗೆ ಆಸ್ತಿಯ ಜಗಳ ಎಂದುಕೊಂಡ ಇಬ್ಬರು ಹಿರಿಯರು, ಏನು ಎತ್ತ ಎಂದು ಕೇಳದೆ, ಕಲ್ಲಿನ ಮೇಲೆ ಕೂತು ಪಂಚಾಯ್ತಿಯನ್ನೇ ಶುರುಮಾಡಿದರು. "ಭಾವಂಗೆ ತಲೆ ಕೆಟ್ಟೈತೆ ಅಕ್ಕ" ಎಂದು ಹೇಳಿ ದುರುಗಪ್ಪ ನಡೆದುಕೊಂಡೇ ಹೊರಟ.

ಅಂಟು ಚೆನ್ನಾಗಿ ಒಣಗಿದ ಮೇಲೆ ಹುರಿ ಬಿಚ್ಚಿದರು. ನಡು ಬಿಗಿ, ಎರಡು ಬದಿಗಳು ಸಪೂರ, ತುದಿಗಳು ಎಮ್ಮೆಕೊಂಬಿನ ಹಾಗೆ ಸುರುಳಿ. ಹನುಮಣ್ಣ ಅದಕ್ಕೆ ಜೇನುಮೇಣ ತಿಕ್ಕಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅಂಗಳವೆಲ್ಲ ತಿರುಗಿದ. ಆಮೇಲೆ ಹೆದೆ ಕಟ್ಟಿದ. ಬಿಲ್ಲು ಯಾವ ಕಡೆಗೆ ಬಾಗಿದೆಯೋ ಆ ಕಡೆಗೇ ಅಲ್ಲವೇ ಹೆದೆ ಕಟ್ಟುವುದು? ಹಾಗೇ ಕಟ್ಟಿ, ಒಂದು ಕಾಲು ಮುಂದಿಟ್ಟು, ಎದೆಯುಬ್ಬಿಸಿ ಎಳೆದ. ಬಿಲ್ಲಿಗೆ ಸಿಟ್ಟು ಬಂತು. ಕೈಯಲ್ಲೇ ಗಿರ್ರನೆ ತಿರುಗಿ, ಅವನ ಮೊಣಕೈಗೊಂದು, ದವಡೆಗೊಂದು ಕೊಟ್ಟು, ಅವನನ್ನು ತಿಪ್ಪೆಗುಂಡಿಯಲ್ಲಿ ಕೂರಿಸಿತು.

ಕರಿಯಕ್ಕನಿಗೆ ನಗು ತಡೆಯಲಾಗಲಿಲ್ಲ. "ಉಲ್ಟಾ ರೀ... ಅದು ಉಲ್ಟಾ..." ಎನ್ನುವಳು, ಮತ್ತೆ ನಗುವಳು. ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ ಬೇಲಿಯಾಚೆಯಿಂದ ಮರುಳಸಿದ್ದಪ್ಪ ಗೌಡರ ದನಿ ಕೇಳಿಸಿತು.

ಗೌಡರು ಊರಿನ ದೊಡ್ಡ ಕುಳ. ಆ ವರ್ಷ ತಾವೇ ಕೂತು ಒಂದು ನಾಟಕ ಬರೆದಿದ್ದರು. ಹೆಸರು 'ಚಂಪಕಮಾಲಿನಿ ಸ್ವಯಂವರ'. ಯಾರಿಂದಲೂ ಬಗ್ಗಿಸಲಾಗದ ಬಿಲ್ಲಿಗೆ ಹೆದೆ ಏರಿಸಿದ ರಾಜಕುಮಾರನಿಗೆ ಚಂಪಕಮಾಲಿನಿ ಮಾಲೆ ಹಾಕುತ್ತಾಳೆ. ಆಮೇಲೆ ಎರಡು ಅಂಕ ಯುದ್ಧ.

"ಹನುಮಣ್ಣ, ಇಂಥಾ ಬಿಲ್ಲು ಇಟ್ಕೊಂಡು ನೀನು ತಿಪ್ಪೆಯಾಗೆ ಯಾಕೆ ಕುಂತೀಯ? ನಾಟಕಕ್ಕೆ ಕೊಡಪ್ಪ. ನಮ್ಮದು ಬರೀ ಬಿದಿರುಕಡ್ಡಿ, ಜನ ನಗ್ತಾರೆ."

"ಹೌದ್ ಬಿಡ್ರಿ ಗೌಡ್ರೆ" ಎಂದ ಹನುಮಣ್ಣ, ದವಡೆ ಹಿಡಿದುಕೊಂಡು. ಗೌಡರು ಬಿಲ್ಲನ್ನು ಹೆಗಲಿಗೇರಿಸಿಕೊಂಡು ನಡೆದರು. ಅವರ ಹಿಂದೆ ಮೂರು ಬೆಕ್ಕು ನಡೆದವು. ಆ ಬಿಲ್ಲಿಗೆ ಇದುವರೆಗೆ ಒಬ್ಬರೂ ಸರಿಯಾಗಿ ಹೆದೆ ಏರಿಸಿಲ್ಲ ಎಂಬುದು ಹನುಮಣ್ಣನಿಗೆ ಹೊಳೆದದ್ದು ಅವರು ಕಣ್ಮರೆಯಾದ ಮೇಲೆ.

"ಈಗ ಏನು ಮಾಡಾದು?" ಎಂದ ಗಾಬರಿಯಿಂದ.

"ನಾಟಕ ನೋಡಾಕೆ ಹೋಗಾದು" ಎಂದಳು ಕರಿಯಕ್ಕ, ಕಣ್ಣೊರೆಸಿಕೊಳ್ಳುತ್ತ.

ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಗ್ಯಾಸ್‌ಲೈಟು ಹಚ್ಚುವಂತಿಲ್ಲ. ಹಾಗಾಗಿ ನಾಟಕ ಮಧ್ಯಾಹ್ನದ ಊಟವಾದ ಮೇಲೆ, ಸುಡು ಬಿಸಿಲಿನಲ್ಲಿ ಶುರುವಾಯಿತು. ರಾಜಕುಮಾರನ ಪಾತ್ರ ಕಿರಾಣಿ ಅಂಗಡಿಯ ತಿಪ್ಪೇರುದ್ರಸ್ವಾಮಿಯದು. ಕೆನ್ನೆಯ ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಚಂಪಕಮಾಲಿನಿಯಾಗಿದ್ದವನು ಎಮ್ಮೆ ಕಾಯುವ ಗೋಣೆಪ್ಪ; ಮೀಸೆ ಬೋಳಿಸಿದ ಜಾಗ ಮಾತ್ರ ಮುಖದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಜಗಳೂರಿನಿಂದ ದುರುಗಪ್ಪನೂ ಬಂದು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಹನುಮಣ್ಣ ಎಲ್ಲರ ಹಿಂದೆ, ಬೇವಿನ ಮರಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ.

ರಾಜಕುಮಾರ ಬಿಲ್ಲನ್ನೆತ್ತಿ ಪದ್ಯ ಹೇಳಿ, ಅದು ಬಾಗಿದ ಕಡೆಗೇ ಬಗ್ಗಿಸಲು ಹೋಗಿ, ಹನುಮಣ್ಣ ಮಾಡಿದ್ದ ತಪ್ಪನ್ನೇ ಮಾಡಿದ. ಬಿಲ್ಲು ಝಗ್ಗನೆ ತಿರುಗಿತು. ಅವನ ಕಿರೀಟ ಹಾರಿ ಹಾರ್ಮೋನಿಯಂ ಮೇಲೆ ಬಿತ್ತು. ಹಾರ್ಮೋನಿಯಂನವನು ಅದೇ ಸೂಚನೆ ಎಂದು ತಿಳಿದು ಮದುವೆಯ ಹಾಡು ಬಾರಿಸಿದ. ಗೋಣೆಪ್ಪ ಮಾಲೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದ.

"ಇನ್ನೂ ಇಲ್ಲ, ಇನ್ನೂ ಇಲ್ಲ!" ಎಂದು ರಾಜನ ವೇಷದ ಗೌಡರು ಕೂಗಿದರು.

ಎರಡನೆಯ ಸಲ ರಾಜಕುಮಾರ ಬಿಲ್ಲಿನ ಮೇಲೆ ಕೂತು ನೋಡಿದ. ಮೂರನೆಯ ಸಲ ಅದು ಅವನ ಮೇಲೆ ಕೂತಿತು. ನಾಟಕದಲ್ಲಿ ಬಿಲ್ಲು ಬಗ್ಗಿಸಲಾಗದೆ ಸೋಲಬೇಕಿದ್ದ ಖಳರಾಜನೂ ಹಟಕ್ಕೆ ಬಿದ್ದು ನಿಜವಾಗಿಯೇ ಪ್ರಯತ್ನಿಸಿ ಸೊಂಟ ಹಿಡಿದುಕೊಂಡ. ಬಿಸಿಲು ಇಳಿಯತೊಡಗಿತು.

"ಬೇಗ ಏರ್ಸ್ರಿ ಸ್ವಾಮೇರೆ" ಎಂದು ಚಂಪಕಮಾಲಿನಿ ಅಂಗಲಾಚಿದಳು. "ಎಮ್ಮೆ ಹಾಲು ಕರಿಯೋ ಹೊತ್ತಾತು. ನಾ ಹೋಗ್ದಿದ್ರೆ ಅವು ಸೊರ ಬಿಡಂಗಿಲ್ಲ."

ಗೌಡರಿಗೆ ದಿಕ್ಕು ತೋಚಲಿಲ್ಲ. ರಾಜನ ಗತ್ತಿನಲ್ಲೇ ಕೈಯೆತ್ತಿ, "ಈ ಸಭೆಯಲ್ಲಿ ಬಿಲ್ಲಿಗೆ ಹೆದೆ ಏರಿಸುವ ವೀರರು ಒಬ್ಬರೂ ಇಲ್ಲವೇ?" ಎಂದುಬಿಟ್ಟರು.

ದುರುಗಪ್ಪ ಮೀಸೆ ತಿರುವಿ ಎದ್ದ. ಅಜ್ಜನ ಹೆಸರು ಹೇಳಿ ಮೇಲೆ ಹತ್ತಿದ. ಉಸಿರು ಬಿಗಿಹಿಡಿದು ಒತ್ತಿದ. ತಲೆಯ ಪಟಕ ಬಿಚ್ಚಿಕೊಂಡಿತು, ಪಂಚೆಯೂ ಬಿಚ್ಚುವುದರಲ್ಲಿತ್ತು. ಎರಡು ಕೈಯಿಂದ ಪಂಚೆ ಹಿಡಿದುಕೊಳ್ಳಲು ಹೋಗಿ ಬಿಲ್ಲು ಬಿಟ್ಟ. ಬಿಲ್ಲು ನೆಗೆದು ಅವನ ಹಿಂಭಾಗಕ್ಕೆ ಎಂಥ ಪೆಟ್ಟು ಕೊಟ್ಟಿತೆಂದರೆ, ಆ ಸದ್ದಿಗೆ ಮರದಡಿಯಲ್ಲಿದ್ದ ಹನುಮಣ್ಣನೇ ತನ್ನ ಹಿಂಭಾಗ ಮುಟ್ಟಿ ನೋಡಿಕೊಂಡ.

ಆಗ ಹೆಂಗಸರ ಸಾಲಿನಿಂದ ಕರಿಯಕ್ಕ ಎದ್ದು ನಡೆದಳು. ಹನುಮಣ್ಣ ಮರ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಏ ಇವ್ಳೆ, ಬ್ಯಾಡ" ಎಂದ, ಅವಳು ತಿರುಗಿ ನೋಡಲಿಲ್ಲ. ಅವಳು ಮೇಲೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಲ್ಲನ್ನು ಅದರ ಬಾಗಿಗೆ ವಿರುದ್ಧವಾಗಿ, ಉಲ್ಟಾ ಮಾಡಿ ಹಿಡಿದಳು. ಕೆಳಗಿನ ತುದಿಯನ್ನು ಒಂದು ಕಾಲಿನ ಹರಡಿಗೆ ಆನಿಸಿ, ಇನ್ನೊಂದು ಕಾಲನ್ನು ಹೆದೆಗೂ ಬಿಲ್ಲಿಗೂ ನಡುವೆ ತೂರಿಸಿ, ಬಿಲ್ಲಿನ ನಡುವನ್ನು ತೊಡೆಯ ಹಿಂದೆ ಕೊಟ್ಟು, ಮೇಲಿನ ತುದಿಯನ್ನು ಮುಂದಕ್ಕೆ ಒತ್ತಿದಳು. ತವರಿನಲ್ಲಿ ಅಜ್ಜನಿಗೆ ವಯಸ್ಸಾದ ಮೇಲೆ ಅವನ ಬಿಲ್ಲಿಗೆ ಹೆದೆ ಏರಿಸಿಕೊಡುತ್ತಿದ್ದವಳು ಅವಳೇ. ಬಿಲ್ಲು ಒಂದು ಮಾತೂ ಆಡದೆ ಬಗ್ಗಿತು. ಕುಣಿಕೆ ಜಾರಿ ತುದಿಯಲ್ಲಿ ಕೂತಿತು. ಬೆರಳಿಂದ ಮೀಟಿದಳು: ಠಣ್!

ಹಾರ್ಮೋನಿಯಂನವನು ಗೌಡರ ಮುಖ ನೋಡಿದ. ಗೌಡರು ತಮ್ಮ ನಾಟಕದ ಹಸ್ತಪ್ರತಿ ನೋಡಿದರು. ಹೆದೆ ಏರಿಸಿದವರಿಗೆ ಮಾಲೆ ಎಂದು ಅವರೇ ಬರೆದಿದ್ದರು. ಗೋಣೆಪ್ಪ ಇನ್ನು ಕಾಯಲಿಲ್ಲ. ಓಡಿಬಂದು ಕರಿಯಕ್ಕನ ಕೊರಳಿಗೆ ಮಾಲೆ ಹಾಕಿ, ಕೈಮುಗಿದು, ಸೀರೆ ಎತ್ತಿ ಕಟ್ಟಿಕೊಂಡು ಎಮ್ಮೆ ಕೊಟ್ಟಿಗೆಯ ದಾರಿ ಹಿಡಿದ.

"ಲೇ ಗೋಣೆಪ್ಪ, ಇನ್ನೂ ಎರಡು ಅಂಕ ಐತಲ್ಲೋ!" ಗೌಡರ ಕೂಗು ಅವನನ್ನು ಮುಟ್ಟಲಿಲ್ಲ. ಚಂಪಕಮಾಲಿನಿಯಿಲ್ಲದೆ ಯುದ್ಧಕ್ಕೆ ಕಾರಣ ಉಳಿಯಲಿಲ್ಲ. ನಾಟಕ ಅಲ್ಲಿಗೇ ಮುಗಿಯಿತು. ಜನ ಬಿದ್ದು ಬಿದ್ದು ನಕ್ಕರು. "ಹನುಮಣ್ಣ, ನಿನ್ನ ಹೆಂಡ್ತಿಗೆ ಹೆಂಡ್ತಿ ಬಂದ್ಲಲ್ಲಪ್ಪ!" ಎಂದು ಯಾರೋ ಕೂಗಿದರು. ಹನುಮಣ್ಣನಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ತಾನು ಮಾಡಿದ ಬಿಲ್ಲು ಬಗ್ಗಿದಾಗ ಎಷ್ಟು ಚೆಂದ ಕಾಣುತ್ತದೆಂದು ಅವನು ನೋಡಿದ್ದು ಅದೇ ಮೊದಲು. ಅದನ್ನು ಹಿಡಿದು ನಿಂತವಳು ಇನ್ನೂ ಚೆಂದ ಕಂಡಳು. ಕಣ್ಣಲ್ಲಿ ನೀರು ಬಂತು. ಬೇವಿನ ಧೂಳು ಬಿತ್ತೆಂದು ಪಕ್ಕದವರಿಗೆ ಹೇಳಿದ.

ಅಂದಿನಿಂದ ಬಿಲ್ಲು ಕರಿಯಕ್ಕನದಾಯಿತು. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳು ಅವಳ ಹೆದೆಯ ಸದ್ದಿಗೇ ದಾರಿ ಬದಲಿಸುತ್ತಿದ್ದವು. ಹೊನ್ನಾಳಿ, ನ್ಯಾಮತಿಯ ಕಡೆಯಿಂದಲೂ ಜನ ಬಂದು ಹನುಮಣ್ಣನ ಹತ್ತಿರ ಬಿಲ್ಲು ಮಾಡಿಸಿಕೊಂಡು ಹೋದರು. ಕೊಳ್ಳುವ ಮೊದಲು ಕರಿಯಕ್ಕನ ಹತ್ತಿರ ಹೆದೆ ಏರಿಸುವುದನ್ನು ಕಲಿಯಲೇಬೇಕಿತ್ತು. ಗೋಣೆಪ್ಪ ದಾರಿಯಲ್ಲಿ ಅವಳು ಎದುರಾದರೆ ತಲೆಯ ಮೇಲೆ ಟವಲು ಎಳೆದುಕೊಂಡು "ನಮ್ಮೆಜಮಾನ್ರು ಬಂದ್ರು" ಎಂದು ನಾಚುತ್ತಿದ್ದ.

ಮುಂದಿನ ವರ್ಷ ದುರುಗಪ್ಪ ಬಂದ. ಇಡೀ ಒಂದು ದಿನ ಅದೂ ಇದೂ ಮಾತಾಡಿದ. ಹೊರಡುವಾಗ ಕೆಮ್ಮಿ, ನೆಲ ನೋಡುತ್ತ, "ಭಾವ, ನಂಗೂ ಒಂದು ಮಾಡಿಕೊಡಾಕೆ ಆಗ್ತದಾ?" ಎಂದ.

"ಅಳತೆ ಬೇಕಲ್ಲಪ್ಪ. ಎರಡೂ ಕೈ ಚಾಚಿ ನಿಂತ್ಕೊ. ಅಲ್ಲಾಡಬ್ಯಾಡ ಮತ್ತೆ, ಹುರಿ ತರ್ತೀನಿ" ಎಂದು ಹನುಮಣ್ಣ ಒಳಗೆ ಹೋದ. ಒಳಗೆ ಕರಿಯಕ್ಕ ಮಜ್ಜಿಗೆ ಕಡೆಯುತ್ತಿದ್ದಳು. ಇಬ್ಬರೂ ಕೂತು ಒಂದೊಂದು ಲೋಟ ಮಜ್ಜಿಗೆ ಕುಡಿದರು. ಬೆಣ್ಣೆ ಚೆನ್ನಾಗಿ ಬಂದಿದೆಯೆಂದು ಮಾತಾಡಿಕೊಂಡರು, ಇನ್ನೊಂದೊಂದು ಲೋಟ ಕುಡಿದರು. ಹೊರಗೆ ಅಂಗಳದ ಬಿಸಿಲಿನಲ್ಲಿ ದುರುಗಪ್ಪ ಬೆದರುಗೊಂಬೆಯ ಹಾಗೆ ಕೈ ಚಾಚಿಕೊಂಡು ನಿಂತೇ ಇದ್ದ. ಒಂದು ಕಾಗೆ ಬಂದು ಅವನ ಎಡಗೈಯ ಮೇಲೆ ಕೂತಿತು.