ಕೆರೆಯೊಳಗಿನ ಊರಿನ ಹುಡುಗಿ

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಹುಡುಗಿಯರು ಓದಬಹುದಾದದ್ದು ಶಾಲೆಯ ಪಾಠ, ಬಿಟ್ಟರೆ ದೇವರ ಕಥೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಂಜೆ ಬಂದು ಕೈಕಾಲು ತೊಳೆದು ಜಗುಲಿಯ ಮೇಲೆ ಕೂತರೆ, ನಮ್ಮ ಕೈಯಲ್ಲಿ ಯಾವ ಪುಸ್ತಕ ಇದೆ ಅಂತ ಮೊದಲು ನೋಡುತ್ತಿದ್ದರು. ಅಮ್ಮ ಮಾತ್ರ ಮಧ್ಯಾಹ್ನದ ಹೊತ್ತು ಕಾದಂಬರಿ ಓದುತ್ತಿದ್ದಳು. ಅವುಗಳಲ್ಲಿ ಸೊಸೆಯರು ಪುಟಗಟ್ಟಲೆ ಅಳುತ್ತಿದ್ದರು, ಕೊನೆಗೆ ಗಂಡನಿಗೆ ಬುದ್ಧಿ ಬರುತ್ತಿತ್ತು. ಅಕ್ಕ ಅವನ್ನೂ ಕದ್ದು ಓದಿ ಮುಗಿಸಿ, "ಇವರ್ಯಾರಿಗೂ ನಮ್ಮ ವಯಸ್ಸೇ ಇರ್ಲಿಲ್ವೇನೋ ಕಣೇ," ಅನ್ನುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕ ಹತ್ತನೇ ಕ್ಲಾಸು, ನಾನು ಎಂಟು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬರು ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ತೆರೆದರು. ಅಂಗಡಿಯ ಮುಂದೆ ದಾರ ಕಟ್ಟಿ ಹೊಸ ಪುಸ್ತಕಗಳನ್ನು ಒಗೆದ ಬಟ್ಟೆಯ ಹಾಗೆ ನೇತುಹಾಕುತ್ತಿದ್ದರು. ಒಂದು ದಿನ ಅಕ್ಕ ಶಾಲೆಯಿಂದ ಬರುತ್ತಾ ಅಲ್ಲೇ ನಿಂತುಬಿಟ್ಟಳು. ತೂಗುತ್ತಿದ್ದ ಒಂದು ಪುಸ್ತಕದ ರಟ್ಟಿನ ಮೇಲೆ ನಮ್ಮ ಹಾಗೇ ಲಂಗ ದಾವಣಿ ಹಾಕಿಕೊಂಡ ಹುಡುಗಿ, ಎರಡು ಜಡೆ, ಕೈಯಲ್ಲಿ ಲಾಟೀನು. ಕಾಲಿನಿಂದ ನೀರು ಸುರಿಯುತ್ತಿತ್ತು.

ಅದು ದೆವ್ವದ ಕಥೆ. ಆದರೆ ನಾವು ಅಜ್ಜಿಯಿಂದ ಕೇಳಿದ ದೆವ್ವದ ಕಥೆಗಳ ಹಾಗಿರಲಿಲ್ಲ. ಜಮೀನಿನ ಆಸೆಗೆ ಚಿಕ್ಕಪ್ಪನೇ ಕೆರೆಗೆ ನೂಕಿದ ಹುಡುಗಿ. ಕೆರೆಯ ತಳದಲ್ಲಿ ಇನ್ನೊಂದು ಊರು, ಅಲ್ಲಿ ನೀರಿನೊಳಗೇ ಉರಿಯುವ ದೀಪಗಳು, ಮೀನುಗಳು ಓಡಾಡುವ ಬೀದಿಗಳು. ಅಲ್ಲಿಂದ ಎದ್ದು ಬಂದು ಅವಳು ಒಂದೊಂದೇ ಮನೆಯ ಬಾಗಿಲು ತಟ್ಟಿ, ಒಣಗಿದ ಬಟ್ಟೆ ಕೊಡಿ ಅಂತ ಕೇಳುತ್ತಾಳೆ. ದೊಡ್ಡವರಿಗೆ ಯಾರಿಗೂ ಅವಳು ಕಾಣುವುದಿಲ್ಲ. ಕಾಣುವುದು ಒಬ್ಬಳು ಶಾಲೆ ಹುಡುಗಿಗೆ ಮಾತ್ರ. ಕೊಲೆ ಪತ್ತೆ ಹಚ್ಚುವವಳೂ ಆ ಶಾಲೆ ಹುಡುಗಿಯೇ. ಹದಿನೈದು ವರ್ಷದವಳ ಮಾತನ್ನು ಇಡೀ ಊರು ಕೇಳುವಂಥ ಪುಸ್ತಕವನ್ನು ನಾವು ಅದುವರೆಗೆ ನೋಡಿರಲಿಲ್ಲ.

ಹಿತ್ತಲಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಅಕ್ಕ ಅದನ್ನು ನನಗೆ ಓದಿ ಹೇಳಿದಳು. ಭಯದಲ್ಲಿ ನನ್ನ ಕೈಯ ಬತ್ತಿಗಳೆಲ್ಲ ಗಂಟು ಬಿದ್ದವು. ಆಮೇಲೆ ಅದೇ ಥರದವನ್ನು ಹುಡುಕಿ ಹುಡುಕಿ ತಂದೆವು: ಮಾತಾಡುವ ಬೆಟ್ಟ, ನೆರಳು ಮಾರುವ ಮುದುಕಿ, ಕನ್ನಡಿಯ ಒಳಗೆ ಸಿಕ್ಕಿಕೊಂಡ ತಂಗಿ. ಕೆಲವು ತೆಲುಗು ಪುಸ್ತಕಗಳು, ಅವನ್ನು ಅಕ್ಕ ತೆಲುಗಿನಲ್ಲೇ ಓದುತ್ತಿದ್ದಳು. ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆವು.

ಅಪ್ಪ ಒಮ್ಮೆ ಹಿಡಿದರು. ಹೊಡೆಯಲಿಲ್ಲ. "ದೆವ್ವ ಅನ್ನೋದೇ ಸುಳ್ಳು. ಸುಳ್ಳನ್ನ ಓದಿ ಯಾಕೆ ತಲೆ ಕೆಡಿಸ್ಕೊಳ್ತೀರ?" ಅಂದರು.

ಆ ಚಳಿಗಾಲದಲ್ಲಿ ಅಕ್ಕ ಬಾವಿಕಟ್ಟೆಯ ಹತ್ತಿರ ಬಿದ್ದಳು. ಕೈಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು, ಕಣ್ಣು ಮೇಲಕ್ಕೆ ಹೋಯಿತು. ಎತ್ತಿ ಒಳಗೆ ತರುವಾಗ ಅವಳ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಸ್ತಕ ಜಾರಿ ಬಿತ್ತು. ಅಜ್ಜಿ ರಟ್ಟಿನ ಮೇಲಿನ ಚಿತ್ರ ನೋಡಿದರು. "ಅಯ್ಯೋ, ಇದ್ರೊಳಗಿಂದೇ ಅವಳಿಗೆ ಹತ್ಕೊಂಡಿದೆ ಕಣೋ," ಅಂತ ಅಪ್ಪನಿಗೆ ಹೇಳಿದರು. ದೆವ್ವ ಸುಳ್ಳು ಅಂದಿದ್ದ ಅಪ್ಪ ಅಡ್ಡ ಬರಲಿಲ್ಲ. ಪುಸ್ತಕಗಳು ಬಚ್ಚಲ ಒಲೆಗೆ ಹೋದವು. ಬಾಡಿಗೆ ಪುಸ್ತಕ ಅಂತ ನಾನು ಅತ್ತರೂ ಬಿಡಲಿಲ್ಲ. ಆ ವಾರವೇ ಅಕ್ಕನನ್ನು ದೇವರಾಯಸಮುದ್ರಕ್ಕೆ, ನಮ್ಮ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ.

ಅಲ್ಲಿಗೆ ಗಡಿಯಾಚೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದ್ದರು. ಹಗಲು ಹೊತ್ತೇ, ನಡುಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿ, ಅಕ್ಕನ ಜಡೆ ಬಿಚ್ಚಿ ಕೂರಿಸಿದರು. ಅವನು ಬೇವಿನ ಬರಲು ತೆಗೆದುಕೊಂಡು ಬೆನ್ನಿಗೆ ಬಾರಿಸುತ್ತಾ, "ಎವರು ನುವ್ವು? ಚೆಪ್ಪು!" ಅಂತ ಕೂಗಿದ. ಯಾರು ನೀನು, ಹೇಳು.

"ನಾನು ಇವರ ಮಗಳು," ಅಂದಳು ಅಕ್ಕ, ಕನ್ನಡದಲ್ಲಿ. ಮತ್ತೆ ಏಟು. ಹಾಗೆ ಎಷ್ಟೋ ಹೊತ್ತು ನಡೆಯಿತು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕಂಬಕ್ಕೆ ಒರಗಿದ್ದಳು. ಅಪ್ಪ ನೆಲ ನೋಡುತ್ತಿದ್ದರು.

ಕೊನೆಗೆ ಅಕ್ಕ ತಲೆ ಎತ್ತಿ, ನಿಧಾನವಾಗಿ, ತೆಲುಗಿನಲ್ಲಿ ಹೇಳತೊಡಗಿದಳು: ನಾನು ಕೆರೆಯಲ್ಲಿ ಮುಳುಗಿ ಸತ್ತ ಹುಡುಗಿ. ನನ್ನ ಚಿಕ್ಕಪ್ಪನೇ ಜಮೀನಿನ ಆಸೆಗೆ ನೂಕಿದ. ನನಗೆ ಚಳಿ. ನನಗೆ ಒಣಗಿದ ಬಟ್ಟೆ ಬೇಕು.

ಅದು ಪುಸ್ತಕದ ಎರಡನೇ ಅಧ್ಯಾಯ. ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಬಾಯಿ ಬಿಡಬೇಡ ಅಂತ ಆ ನೋಟದಲ್ಲೇ ಇತ್ತು.

ಏಟು ನಿಂತಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕಿ ಗಲ್ಲ ಬಡಿದುಕೊಂಡು, "ನಿಜ ಕಣಮ್ಮ! ಅಂಥದ್ದೊಂದು ಹುಡುಗಿ ಇತ್ತು ಅಂತ ನಮ್ಮತ್ತೆ ಹೇಳ್ತಿದ್ರು," ಅಂದಳು. ಸಂಜೆಯ ಹೊತ್ತಿಗೆ ಆ ಚಿಕ್ಕಪ್ಪ ಯಾವ ಮನೆತನದವನು ಅನ್ನುವ ತನಕ ಮಾತು ಹೋಯಿತು. ಮಾರನೆಯ ದಿನ ಕೆರೆ ಏರಿಯ ಮೇಲೆ ಹೊಸ ಸೀರೆ, ಕುಂಕುಮ, ಮೊಸರನ್ನ ಇಟ್ಟು ಬಂದರು. ಅಪ್ಪನೇ ಕೈ ಮುಗಿದು ಇಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಸೀಟಿಗೆ ಬೆನ್ನು ತಾಗದ ಹಾಗೆ ಮುಂದಕ್ಕೆ ಬಗ್ಗಿ ಕೂತಿದ್ದಳು. "ಇಷ್ಟು ಬೇಗ ನಂಬ್ತಾರೆ ಅಂತ ಗೊತ್ತಿದ್ದಿದ್ರೆ ಮೊದಲ್ನೇ ಏಟಿಗೇ ಹೇಳ್ಬಿಡ್ತಿದ್ದೆ ಕಣೇ," ಅಂದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಎರಡು ತಿಂಗಳಿಗೆ ಮತ್ತೆ ಬಿದ್ದಳು. ಈ ಸಲ ಅಮ್ಮ ಯಾರನ್ನೂ ಕೇಳದೆ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಫಿಟ್ಸ್ ಅಂದರು. ದಿನಾ ಮಾತ್ರೆ ತಗೊಂಡರೆ ಹತೋಟಿಯಲ್ಲಿರುತ್ತೆ, ಪುಸ್ತಕಕ್ಕೂ ಇದಕ್ಕೂ ಸಂಬಂಧ ಇಲ್ಲ, ಧಾರಾಳವಾಗಿ ಶಾಲೆಗೆ ಕಳಿಸಿ ಅಂದರು. ಮಾತ್ರೆ ಶುರುವಾಯಿತು, ಫಿಟ್ಸ್ ನಿಂತಿತು. ಶಾಲೆಗೆ ಮಾತ್ರ ಕಳಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನು ಧೈರ್ಯ ಮಾಡಿ ಅಪ್ಪನ ಮುಂದೆ ನಿಂತೆ.

"ಅಪ್ಪಾ, ಅವತ್ತು ಅಕ್ಕ ಹೇಳಿದ್ದೆಲ್ಲ ಆ ಪುಸ್ತಕದ ಕಥೆ. ಯಾವ ದೆವ್ವಾನೂ ಬಂದಿರ್ಲಿಲ್ಲ. ಹೊಡೆತ ತಡೀಲಾರ್ದೆ ಹೇಳಿದ್ಲು."

ಈಗ ಅಕ್ಕನನ್ನು ಕರೆದು ತಲೆ ಸವರುತ್ತಾರೆ ಅಂತ ನಾನು ಕಾದೆ.

"ಹಾಗಾದ್ರೆ ಎಲ್ಲರ ಮುಂದೆ ಸುಳ್ಳು ಹೇಳಿದ್ಲಾ ಅವಳು? ನನ್ನ ಕೈಲಿ ಕೆರೆಗೆ ಕೈ ಮುಗಿಸಿದ್ಲಾ?" ಅಂದರು. ಆಮೇಲೆ ತಿಂಗಳುಗಟ್ಟಲೆ ಅಕ್ಕನ ಹತ್ತಿರ ಮಾತು ಬಿಟ್ಟರು.

ಅಪ್ಪನನ್ನು ನಾನು ಆ ದಿನದ ಮಾತಿಗೆ ಇವತ್ತಿಗೂ ಕ್ಷಮಿಸಿಲ್ಲ.

ಮದುವೆಯ ಮಾತು ಬಂದಾಗ ಇನ್ನೊಂದು ವಿಚಿತ್ರ ನಡೆಯಿತು. ಶ್ರೀನಿವಾಸಪುರದ ಗಂಡಿನ ಕಡೆಯವರಿಗೆ ಊರವರಿಂದ ದೆವ್ವದ ವಿಷಯ ಗೊತ್ತಾಗಿತ್ತು. ಬಿಡಿಸಿ ಆಯ್ತಲ್ಲ ಅಂತ ಒಪ್ಪಿಕೊಂಡರು. ಫಿಟ್ಸ್ ವಿಷಯ ಮಾತ್ರ ನಮ್ಮವರು ಮುಚ್ಚಿಟ್ಟರು. ಕಾಯಿಲೆ ಅಂದರೆ ಬೇಡ ಅನ್ನುತ್ತಾರೆ ಅನ್ನುವ ಭಯ. ದೆವ್ವ ಹಿಡಿದಿದ್ದವಳು ಸೊಸೆ ಆಗಬಹುದಾಗಿತ್ತು, ಮಾತ್ರೆ ನುಂಗುವವಳು ಆಗುವ ಹಾಗಿರಲಿಲ್ಲ. ಅಕ್ಕನಿಗೆ ಗಂಡನ ಮನೆಯಲ್ಲಿ ಯಾರ ಎದುರಿಗೂ ಮಾತ್ರೆ ತೆಗೆಯಬೇಡ ಅಂತ ಹೇಳಿ ಕಳಿಸಿದರು. ಕದ್ದು ನುಂಗುವುದು ಎಷ್ಟು ದಿನ ನಡೆದೀತು? ನಿಂತುಹೋಯಿತು. ಮಾವಿನ ಸುಗ್ಗಿಯಲ್ಲಿ, ಮನೆ ತುಂಬಾ ಜನ ಇದ್ದಾಗ, ಒಲೆಯ ಮುಂದೆ ಬಿದ್ದಳು. ಎಡಗೈ ಮೊಣಕೈವರೆಗೆ ಸುಟ್ಟಿತು. ಆಮೇಲೆ ಭಾವನೇ ಕೋಲಾರಕ್ಕೆ ಹೋಗಿ ಮಾತ್ರೆ ತಂದುಕೊಡತೊಡಗಿದರು. ಕೆಟ್ಟವರಲ್ಲ ಅವರು. ಮೊದಲೇ ಹೇಳಿದ್ದರೂ ಒಪ್ಪುತ್ತಿದ್ದೆ ಅಂತ ಅಮ್ಮನ ಹತ್ತಿರ ಹೇಳಿದರಂತೆ. ಅದನ್ನು ಕೇಳಿ ಅಮ್ಮ ಅತ್ತಳು, ಅಪ್ಪ ಪೇಪರು ಮಡಿಸಿಟ್ಟು ಎದ್ದು ಹೋದರು.

ನಾನು ಓದಿ ಮಾಲೂರಿನಲ್ಲಿ ಟೀಚರ್ ಆದೆ. ಮೊದಲ ವರ್ಷದ ರಜೆಯಲ್ಲಿ ಹೊಸದೊಂದು ಪುಸ್ತಕ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ದೆವ್ವದ್ದೇ, ಚೆನ್ನಾಗಿತ್ತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ಮೊದಲ ಪುಟ ನಿಂತಲ್ಲೇ ಓದಿದಳು. ಅವಳ ಮುಖ ಹಳೆಯ ಥರ ಆಗುತ್ತಾ ಬಂತು. ಅಷ್ಟರಲ್ಲಿ ಒಳಗಿನಿಂದ ಅವಳ ಅತ್ತೆ ಇಣುಕಿ ನೋಡಿದರು. ಅಕ್ಕನ ಮುಖವನ್ನೇ ನೋಡುತ್ತಾ ನಿಂತರು.

ಅಕ್ಕ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.

"ಬೇಡ ಕಣೇ. ನಾನು ಓದೋಕೆ ಕೂತ್ರೆ ಎಲ್ರೂ ನನ್ನ ಮುಖಾನೇ ನೋಡ್ತಿರ್ತಾರೆ, ಯಾವಾಗ ಬೀಳ್ತೀನೋ ಅಂತ. ಒಂದು ಸಾಲೂ ತಲೆಗೆ ಹೋಗಲ್ಲ."

ನನಗೆ ಊಟಕ್ಕೆ ಎಲೆ ಹಾಕಲು ಅವಳು ಒಳಗೆ ಹೋದಳು.